ಬಂಕಾಪುರದ ಹಳೇ ತೋಳ

ಹತ್ತು ಸಾವಿರ ವರ್ಷಗಳ ಹಿಂದೆ ಅಳಿದುಹೋದ ಡೈರ್ ತೋಳ ಮತ್ತೆ ಹುಟ್ಟಿ ಬಂದಿದೆಯಂತೆ. ಬಿಳಿ ಮರಿಗಳು ಊಳಿಡುವ ಆ ಹಳೇ ವಿಡಿಯೊ ಈ ವಾರ ನನ್ನ ಮೊಬೈಲಿಗೆ ಮತ್ತೆ ವಕ್ಕರಿಸಿತು. ಕಳಿಸಿದವರು ಗಂಗಾವತಿಯ ನಿವೃತ್ತ ವಿಜ್ಞಾನ ಮಾಸ್ತರರೊಬ್ಬರು. ಕೆಳಗೆ ‘ವಿಜ್ಞಾನ ದೇವರನ್ನೇ ಮೀರಿಸಿತು’ ಎಂಬ ಒಕ್ಕಣೆ ಬೇರೆ. ಫೋನ್ ಮಾಡಿ, ‘ಸರ್, ಬಂಕಾಪುರ ಎಲ್ಲಿ ಬರ್ತದ?’ ಎಂದು ಕೇಳಿದೆ. ‘ಹಾವೇರಿ ಜಿಲ್ಲಾದಾಗ ಅಲ್ರೀ, ನವಿಲುಧಾಮ ಐತಲ್ಲ’ ಎಂದರು. ತಮ್ಮ ಗಂಗಾವತಿ ಸೀಮೆಯಲ್ಲೇ ಇನ್ನೊಂದು ಬಂಕಾಪುರ ಇದೆ, ಅಲ್ಲಿ ರಾಜ್ಯದ ಮೊದಲ ತೋಳಧಾಮ ಇದೆ ಎಂಬುದು ಅವರಿಗೆ ಗೊತ್ತೇ ಇಲ್ಲ.

ಡೈರ್ ತೋಳದ ಕಥೆ ಇಷ್ಟೇ. ಅಮೆರಿಕದ ಕೊಲೊಸಲ್ ಕಂಪನಿ ಬೂದು ತೋಳದ ಜೀವಕೋಶ ತೆಗೆದುಕೊಂಡು 14 ಜೀನ್‌ಗಳಲ್ಲಿ 20 ತಿದ್ದುಪಡಿ ಮಾಡಿತು, ನಾಯಿಯ ಗರ್ಭದಲ್ಲಿ ಮರಿ ಬೆಳೆಸಿತು, 2025ರ ಏಪ್ರಿಲ್‌ನಲ್ಲಿ ಡಂಗುರ ಹೊಡೆಯಿತು. ಹಳೇ ಹಲ್ಲು, ತಲೆಬುರುಡೆಗಳಿಂದ ಡಿಎನ್‌ಎ ಓದಿದ್ದು ದೊಡ್ಡ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಡೈರ್ ತೋಳ, ಬೂದು ತೋಳ ಎರಡರ ವಂಶ ಕವಲೊಡೆದು 50 ಲಕ್ಷಕ್ಕೂ ಹೆಚ್ಚು ವರ್ಷವಾಯಿತೆಂದು ‘ನೇಚರ್’ ಪತ್ರಿಕೆಯ ಅಧ್ಯಯನವೊಂದು 2021ರಲ್ಲೇ ಹೇಳಿತ್ತು. ಇವು ತಿದ್ದಿದ ಬೂದು ತೋಳಗಳೇ ಎಂದು ಕಂಪನಿಯ ಮುಖ್ಯ ವಿಜ್ಞಾನಿ ಬೆತ್ ಶಪಿರೊ ಮುಂದಿನ ತಿಂಗಳೇ ಒಪ್ಪಿಕೊಂಡರು. ಆ ಸುದ್ದಿಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ನಿಜವಾದ ಶೋಧ ನಮ್ಮ ತೋಳದ ಬಗ್ಗೆಯೇ ಆಗಿದೆ. ಭಾರತದ ಬಯಲು ತೋಳ ಉಳಿದ ತೋಳಗಳಿಂದ ಸುಮಾರು 4 ಲಕ್ಷ ವರ್ಷಗಳ ಹಿಂದೆಯೇ ಬೇರೆಯಾಗಿದೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆಯ ವೈ.ವಿ. ಝಾಲಾ ಮತ್ತು ಜೊತೆಗಾರರು 2004ರಲ್ಲಿ ಅಂದಾಜು ಮಾಡಿದರು. 2021ರಲ್ಲಿ ಲಾರೆನ್ ಹೆನೆಲಿ ತಂಡ ಪೂರ್ತಿ ಜೀನೋಮನ್ನೇ ಓದಿತು. ವರ್ಷದ ಲೆಕ್ಕ ಏನೇ ಇರಲಿ, ಜಗತ್ತಿನಲ್ಲಿ ಇಂದು ಬದುಕಿರುವ ಅತಿ ಹಳೆಯ ತೋಳದ ವಂಶಗಳಲ್ಲಿ ಇದೂ ಒಂದು. 2025ರ ಮಾರ್ಚ್‌ನಲ್ಲಿ ಬಂಕಾಪುರದಲ್ಲಿ ಈ ವಂಶದ ಎಂಟು ಮರಿ ಹುಟ್ಟಿದ ಸುದ್ದಿ ಬಂತು. ಪ್ರಯೋಗಾಲಯವಿಲ್ಲ, ಕಂಪನಿಯಿಲ್ಲ, ತಾಯಿಯೇ ಹೆತ್ತದ್ದು.

ಇನ್ನು ನನ್ನ ಹಳೇ ಜಗಳಕ್ಕೆ ಬರುತ್ತೇನೆ, ಓದುಗರು ಸಹಿಸಿಕೊಳ್ಳಲಿ. ಬಯಲಿನಲ್ಲಿ ಗಿಡ ನೆಡಬೇಡಿ! ಜೂನ್ 5ರ ಪರಿಸರ ದಿನ ಬಂತೆಂದರೆ ಸಾಕು, ಕುಷ್ಟಗಿ ಕಡೆಯ ಗುಡ್ಡ, ಯಲಬುರ್ಗಾ ಕಡೆಯ ಬೀಳು ಎಲ್ಲಿ ಖಾಲಿ ಕಂಡರೂ ಗುಂಡಿ ತೋಡಿ, ಸಸಿ ಇಟ್ಟು, ಫೋಟೊ ತೆಗೆಸಿಕೊಳ್ಳುವ ಚಟ ನಮ್ಮವರಿಗೆ. ಅದು ಖಾಲಿ ಜಾಗ ಅಲ್ಲ ಮಾರಾಯರೇ. ಕುರಿಗೆ ಹುಲ್ಲು, ಕೃಷ್ಣಮೃಗಕ್ಕೆ ಓಟ, ಮೊಲಕ್ಕೆ ಮರೆ, ಇವೆಲ್ಲದರಿಂದ ತೋಳಕ್ಕೆ ಕೂಳು. ಗಿಡ ನೆಟ್ಟು ಉಳಿದ ಜಾಗಕ್ಕೆ ಗಾಳಿಯಂತ್ರ ಬಂತು, ಕಾರ್ಖಾನೆ ಬಂತು. ಕಾರ್ಖಾನೆ ಬೇಡವೆಂದು 2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್ ಆದಾಗ ಎಲ್ಲರ ಬಾಯಲ್ಲೂ ದೂಳಿನ ಮಾತು. ನ್ಯಾಯವೇ. ಆದರೂ ಒಬ್ಬರಾದರೂ ಹುಲ್ಲಿನ ಮಾತೆತ್ತಿದ್ದು ನನ್ನ ಕಿವಿಗಂತೂ ಬೀಳಲಿಲ್ಲ.

ತೋಳವನ್ನು ಈವರೆಗೆ ಉಳಿಸಿದವರು ಯಾರು? ಯಲಬುರ್ಗಾ ಹತ್ತಿರ ಹೊಲದಲ್ಲಿ ಕುರಿ ತರುಬಿದ್ದ ಹಿರಿಯರೊಬ್ಬರನ್ನು ಕೇಳಿದ್ದೆ. ‘ತ್ವಾಳ ಒಂದ್ ಮರಿ ಒಯ್ದ್ರ ಅದರ ಪಾಲು ಅಂತ ಬಿಡ್ತೀವ್ರಿ. ಪರಿಹಾರ ಬೇಕಂದ್ರ ಸತ್ತ ಕುರಿ ತೋರ್ಸು ಅಂತಾರ. ಒಯ್ದು ತಿಂದದ್ದನ್ನ ಎಲ್ಲಿಂದ ತರೂನು? ಆಫೀಸಿಗೆ ಅಡ್ಡ್ಯಾಡಕೋಂತ ಕುಂತ್ರ ಉಳಿದ ಕುರಿ ಕಾಯೋರ್ಯಾರು?’ ಎಂದರು. ಜೀನೋಮ್ ಓದಿದವರಿಗೆ ಪ್ರಶಸ್ತಿ ಬರಲಿ, ಸಂತೋಷ. ಈ ಅಜ್ಜನಿಗೆ ಒಂದು ಮರಿಯ ದುಡ್ಡು ತಿಂಗಳೊಳಗೆ ಸಿಕ್ಕರೆ ಇನ್ನೂ ಸಂತೋಷ.

ನಾಯಿಗಳ ಕಾಟ ಬೇರೆ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಪುಣೆ ಸುತ್ತಿನ ತೋಳಗಳಲ್ಲಿ ನಾಯಿಯ ಬೆರಕೆ ಇರುವುದನ್ನು 2023ರಲ್ಲಿ ಜೀನೋಮ್ ಮಟ್ಟದಲ್ಲೇ ತೋರಿಸಿದರು. ಕೊಪ್ಪಳದ ರಸ್ತೆ ಬದಿಯಲ್ಲಿ ಕೋಳಿ ತ್ಯಾಜ್ಯ ಸುರಿದು ನಾಯಿ ಹಿಂಡು ಸಾಕುತ್ತಿರುವ ನಾವು ಇದನ್ನು ಪುಣೆಯ ಸುದ್ದಿ ಎಂದು ಪುಟ ತಿರುಗಿಸುವಂತಿಲ್ಲ. ಮೊದಲು ಆ ತ್ಯಾಜ್ಯಕ್ಕೊಂದು ದಾರಿ ಮಾಡಿ, ಆಮೇಲೆ ವನ್ಯಜೀವಿ ಸಪ್ತಾಹ ಆಚರಿಸಿ.

ಈ ತೋಳ ಅಪಾಯದ ಅಂಚಿನಲ್ಲಿದೆ, ಭಾರತ, ಪಾಕಿಸ್ತಾನ ಸೇರಿ ಉಳಿದಿರುವುದು ಸುಮಾರು 3,000 ಎಂದು ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಮಾಸ್ತರರೇ, ಇನ್ನೊಂದು ಲೆಕ್ಕವನ್ನೂ ನಿಮ್ಮ ಗುಂಪಿಗೆ ಕಳಿಸಿ. ಅಮೆರಿಕದ ಆ ಮೂರು ತಿದ್ದಿದ ತೋಳಗಳಿಗೆ ಕಂಪನಿ ಬೇಲಿ ಹಾಕಿ ಬಿಟ್ಟಿರುವ ಜಾಗ 2,000 ಎಕರೆ. ಬಂಕಾಪುರ ತೋಳಧಾಮ ಇರುವುದು 332 ಹೆಕ್ಟೇರ್, ಎಂದರೆ ಸುಮಾರು 820 ಎಕರೆ.