ಬೈಕಿಗೊಂದು ಊರುಗೋಲು

ದೇವನಹಳ್ಳಿಯ ಬಳಿ, ಬಳ್ಳಾರಿ ರಸ್ತೆಯಲ್ಲಿ ಬೈಕಿನ ಚೈನು ಕಳಚಿತು ಎನ್ನಿ. ಹಿಂಚಕ್ರ ಎತ್ತಿದರೆ ಕೆಲಸ ಸುಲಭ. ಆದರೆ ಬೈಕಿಗೆ ಡಬ್ಬಲ್ ಸ್ಟ್ಯಾಂಡ್ ಇಲ್ಲ. ಉಪಾಯವೇನು?

ಬ್ಯಾಗಿನಲ್ಲಿ ಹಿಡಿಸುವ ಒಂದು ಊರುಗೋಲು ಸಾಕು. ಬೈಕನ್ನು ಸೈಡ್ ಸ್ಟ್ಯಾಂಡಿನತ್ತ ಎಡಕ್ಕೆ ವಾಲಿಸಿ, ಹಿಂಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳಿನ ಕೆಳಗೆ ಬಲಗಡೆ ಇದನ್ನು ಆನಿಸಿದರೆ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಮುಂಚಕ್ರ, ಸೈಡ್ ಸ್ಟ್ಯಾಂಡ್, ಊರುಗೋಲು ಸೇರಿ ಒಂದು ತ್ರಿಕೋನವಾಯಿತು. ಗುರುತ್ವಕೇಂದ್ರದಿಂದ ಎಳೆದ ಲಂಬರೇಖೆ ಈ ತ್ರಿಕೋನದೊಳಗೆ ಬೀಳುವವರೆಗೂ ಬೈಕು ಉರುಳದು. ಮುಕ್ಕಾಲಿ ನಿಲ್ಲುವುದೂ ಇದೇ ನಿಯಮದಿಂದ.

ಮುಂಚಕ್ರ ಜರುಗದಂತೆ ಹಿಂದೆ ಮುಂದೆ ಕಲ್ಲು ಕೊಡಿ. ರಸ್ತೆಯಂಚಿನ ಮಣ್ಣು ಮೆತ್ತಗಿದ್ದರೆ ಕೋಲಿನ ಕೆಳಗೆ ಹಲಗೆಯ ತುಂಡಿಡಿ. ಭಾರ ಹೆಚ್ಚು ಜಾಗಕ್ಕೆ ಹಂಚಿ ಒತ್ತಡ ತಗ್ಗುತ್ತದೆ, ಕೋಲು ಹೂತುಕೊಳ್ಳುವುದಿಲ್ಲ.

ಇನ್ನು ಮುಖ್ಯ ಮಾತು. ಬೇಗ ಮುಗಿಯಲೆಂದು ಎಂಜಿನ್ ಓಡಿಸುತ್ತಲೇ ಚೈನು ಒರೆಸುವವರಿದ್ದಾರೆ. ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಬಟ್ಟೆ ಸಿಕ್ಕಿದರೆ ಹಿಂದೆಯೇ ಬೆರಳೂ ಹೋಗುತ್ತದೆ. ಕೈ ಹಿಂದೆಗೆಯಲು ಸಮಯವಿರದು. ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿ, ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಚಕ್ರವನ್ನು ಕೈಯಿಂದ ತುಸು ತಿರುಗಿಸಿ, ನಿಲ್ಲಿಸಿ, ಆಮೇಲೆ ಒರೆಸಿ. ಪಕ್ಕದಲ್ಲಿ ನಿಂತ ಮಕ್ಕಳು ಕಲಿಯುವುದೂ ಹಿರಿಯರ ಕೈ ನೋಡಿಯೇ.