ಡ್ರಿಲ್ ಇಳಿಸುವ ಮೊದಲು ಬಾವಿ ನೋಡಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಲಿಥಿಯಂ, ಚಿನ್ನ ಹುಡುಕುವ ಮಾತು ಬಂದರೆ ಸಾಕು, ನಮ್ಮ ಗ್ರೂಪುಗಳಲ್ಲಿ ಎರಡೇ ಪಕ್ಷ. ಒಬ್ಬರಿಗೆ ಊರೆಲ್ಲ ಕೆಜಿಎಫ್ ಆಗಿಬಿಟ್ಟಿತು. ಇನ್ನೊಬ್ಬರಿಗೆ ಘಟ್ಟವೇ ನಾಳೆ ಮುಗಿಯಿತು. ಸ್ವಲ್ಪ ತಡೀರಿ ಮಾರಾಯ್ರೆ. ಹುಡುಕುವುದು ಬೇರೆ, ಗಣಿ ತೋಡುವುದು ಬೇರೆ. ನಡುವೆ ಜಿ4ರಿಂದ ಜಿ1ರವರೆಗೆ ನಾಲ್ಕು ಹಂತದ ಪರಿಶೋಧನೆ ಉಂಟು.

ಮಂಡ್ಯದ ಮರಳಗಾಲ–ಅಲ್ಲಾಪಟ್ಟಣವನ್ನೇ ನೋಡಿ. 2020ರಲ್ಲಿ 14,100 ಟನ್ ಲಿಥಿಯಂ ಎಂದು ಸುದ್ದಿಯಾಯಿತು. ಆಮೇಲೆ ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದ್ದು 1,600 ಟನ್. ಕಾರಿನ ಒಂದು ಬ್ಯಾಟರಿಗೆ 8 ಕೆ.ಜಿ. ಅಂತ ಹಿಡಿದರೂ, ಒಂದು ಗ್ರಾಂ ಪೋಲಾಗದೆ ಎಲ್ಲವೂ ಕೈಗೆ ಬಂದರೆ 2 ಲಕ್ಷ ಕಾರು. ದೇಶದಲ್ಲಿ ವರ್ಷಕ್ಕೆ ಮಾರಾಟವಾಗುವ ಕಾರು 40 ಲಕ್ಷದ ಮೇಲೆ. ಹಾಗಂತ ಹುಡುಕಬಾರದು ಅನ್ನುವವನಲ್ಲ ನಾನು. ನಮ್ಮ ಕಾಲಡಿ ಏನುಂಟು ಅಂತ ನಮಗೆ ಗೊತ್ತಿರಲೇಬೇಕು.

ನನ್ನ ತಕರಾರು ಬೇರೆ. ಸ್ತರಭಂಗದ ಉದ್ದಕ್ಕೂ ಹುಡುಕುವುದು ಯಾಕೆ? ಅಲ್ಲಿ ಬಂಡೆ ಆಳದವರೆಗೆ ಬಿರುಕು ಬಿಟ್ಟಿರುತ್ತದೆ. ಕೋಟ್ಯಂತರ ವರ್ಷಗಳ ಹಿಂದೆ ಬಿಸಿ ದ್ರವ ಆ ಬಿರುಕಿನಲ್ಲಿ ಮೇಲೇರಿ ತಣಿದಾಗ ಬೆಣಚುಕಲ್ಲಿನ ಜೊತೆ ಚಿನ್ನ ಉಳಿದಿರಬಹುದು. ಲಿಥಿಯಂ ಇರುವ ಪೆಗ್ಮಟೈಟ್ ಕೂಡ ಇಂಥ ದುರ್ಬಲ ಜಾಗಗಳಲ್ಲೇ ನುಗ್ಗುವುದು ಹೆಚ್ಚು. ಈಗ ಅದೇ ಬಿರುಕುಗಳಲ್ಲಿ ಹರಿಯುತ್ತಿರುವುದು ನೀರು! ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿದರೂ ಏಪ್ರಿಲ್‌ನಲ್ಲಿ ಅಡಿಕೆ ತೋಟ ಬದುಕುವುದು ಬಾವಿ, ಬೋರ್‌ವೆಲ್, ಕೆಲವು ಕಡೆ ಸುರಂಗದ ನೀರಿನಲ್ಲಿ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಬರುವುದೂ ಹೊಸದಲ್ಲ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಸಯನೈಡ್ ದಿಬ್ಬಗಳು ಇನ್ನೂ ಅಲ್ಲೇ ಇವೆ.

ಆದ್ದರಿಂದ ಡ್ರಿಲ್ ಇಳಿಸುವ ಮೊದಲು ಸುತ್ತಲಿನ ಬಾವಿಗಳ ನೀರಿನ ಮಟ್ಟ, ಪಿಎಚ್, ಆರ್ಸೆನಿಕ್ ಎಲ್ಲ ಒಂದು ಇಡೀ ವರ್ಷ ದಾಖಲಾಗಬೇಕು, ಆ ಲೆಕ್ಕ ಗ್ರಾಮ ಪಂಚಾಯತಿನಲ್ಲಿ ಕನ್ನಡದಲ್ಲಿ ಸಿಗಬೇಕು. ಇಲ್ಲದಿದ್ದರೆ ನಾಳೆ ನೀರು ಕೆಟ್ಟರೆ "ಮೊದಲೇ ಹೀಗಿತ್ತು" ಅಂದುಬಿಡುತ್ತಾರೆ, ಅಲ್ಲ ಅನ್ನಲು ನಮ್ಮ ಹತ್ತಿರ ಎಂತ ಉಂಟು? ಮಟ್ಟ, ಪಿಎಚ್ ಅಳೆಯುವುದು ನಮ್ಮ ಸಿವಿಲ್‌ನವರಿಗೆ ಒಂದು ಪ್ರಾಜೆಕ್ಟ್‌ನ ಕೆಲಸ, ಲಾಗರ್ ಮಾಡಲು ಇಸಿಯವರಿದ್ದಾರೆ. ಆರ್ಸೆನಿಕ್ ಪರೀಕ್ಷೆ ಮಾತ್ರ ದೊಡ್ಡ ಲ್ಯಾಬಿಗೇ ಹೋಗಬೇಕು. ಆ ಖರ್ಚು ಹುಡುಕುವವರ ಬಜೆಟ್ಟಿನಿಂದಲೇ ಬರಲಿ.