ದುರ್ಬೀನಿಗೆ ಕಾಣದ ಹೊಲ

ಬೆಳೆ ಕಾಯಲು ಯಾವ ರೈಫಲ್ ಉತ್ತಮ? ಅದರ ಮೇಲೆ ಎಷ್ಟು ಪಟ್ಟು ಹಿಗ್ಗಿಸಿ ತೋರಿಸುವ ದುರ್ಬೀನು ಕೂರಿಸಬೇಕು? ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಕೆಲವು ತರುಣರ ಬಾಯಲ್ಲಿ ಇಂಥ ಪ್ರಶ್ನೆಗಳು ಕೇಳಿಬರುತ್ತಿವೆ. ಕೇಳುವವರಲ್ಲಿ ಎಲ್ಲರೂ ಕೆಟ್ಟವರಲ್ಲ. ರಾತ್ರಿಯಿಡೀ ಹೊಲದ ಬದುವಿನಲ್ಲಿ ಕುಳಿತು, ಬೆಳಗಿನ ಜಾವ ಕಣ್ಣು ಮುಚ್ಚಿದ ಒಂದು ಗಳಿಗೆಯಲ್ಲಿ ಗೋವಿನಜೋಳದ ಮೊಳಕೆಯನ್ನು ಚಿಗರಿಗಳ ಹಿಂಡಿಗೆ ಕಳೆದುಕೊಂಡವರ ಮಕ್ಕಳೂ ಅವರಲ್ಲಿದ್ದಾರೆ. ಆ ನಷ್ಟವನ್ನು ಹಗುರವಾಗಿ ಕಾಣುವ ಹಕ್ಕು ಯಾವ ಪರಿಸರವಾದಿಗೂ ಇಲ್ಲ. ಆದರೆ ಈ ಪ್ರಶ್ನೆಯೇ ದಾರಿ ತಪ್ಪಿದ ಪ್ರಶ್ನೆ ಎಂದು ಹೇಳುವುದು ನಮ್ಮ ಕರ್ತವ್ಯ.

ಬಯಲುಸೀಮೆಯ ಮಾತು ಮಲೆನಾಡಿನವರಿಗೇಕೆ ಎಂದು ಓದುಗರು ಕೇಳಬಹುದು. ನಮ್ಮ ವರದೆ ಸಾಗರದ ಬಳಿ ಹುಟ್ಟಿ ಹಾವೇರಿಯ ಹೊಲಗಳ ನಡುವೆ ಹರಿದು ತುಂಗಭದ್ರೆಯನ್ನು ಸೇರುತ್ತಾಳೆ. ನೀರು ಒಂದೇ, ನೋವೂ ಒಂದೇ. ಅಲ್ಲಿ ಚಿಗರಿ, ಇಲ್ಲಿ ಕಾಡುಹಂದಿ ಮತ್ತು ಮಂಗ. ಕೋವಿಯಂತೂ ನಮ್ಮ ಅನೇಕ ಮನೆಗಳ ಗೋಡೆಯ ಮೇಲೇ ಇದೆ. ಆದ್ದರಿಂದ ಇದು ನಮ್ಮದೇ ಮಾತು.

ಮೊದಲು ಕಾನೂನನ್ನು ನೋಡೋಣ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೆಯ ಕಲಮು ಬೆಳೆ ರಕ್ಷಣೆಗೆಂದು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ನಳಿಗೆಯೊಳಗೆ ಸುರುಳಿಗೆರೆ ಕೊರೆದು, ಗುಂಡು ತಿರುಗುತ್ತ ನೂರಾರು ಗಜ ನೇರವಾಗಿ ಹೋಗುವಂತೆ ಮಾಡಿದ ರೈಫಲ್ ಬೇರೆಯೇ ಜಾತಿಯ ಆಯುಧ. ಇನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಮೋಜಿನ ಬೇಟೆಗೆ ಆರಂಭದಲ್ಲಿ ಪರವಾನಗಿಯ ಬಾಗಿಲನ್ನು ತೆರೆದೇ ಇಟ್ಟಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಕೃಷ್ಣಮೃಗವು ಮೊದಲನೆಯ ಅನುಸೂಚಿಯ ಪ್ರಾಣಿ. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಕೊಲ್ಲಲು ಯಾವ ಅಧಿಕಾರಿಯೂ ಅನುಮತಿ ಕೊಡಲಾರ. ಮನುಷ್ಯನ ಜೀವಕ್ಕೆ ಅಪಾಯ ತಂದಾಗ ಅಥವಾ ಗುಣವಾಗದಷ್ಟು ರೋಗ, ಊನಕ್ಕೆ ತುತ್ತಾದಾಗ ಮಾತ್ರ 11ನೆಯ ಕಲಮು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಧಿಕಾರ ನೀಡುತ್ತದೆ. ಕೊಂದವರಿಗೆ ಮೂರರಿಂದ ಏಳು ವರ್ಷ ಸೆರೆವಾಸ. 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಕಾಡುಹಂದಿಯ ವಿಷಯ ಬೇರೆ. ಅದು ಬೆಳೆಗೆ ಅಪಾಯ ತಂದಾಗ ಕಾರಣವನ್ನು ಬರೆದು ಲಿಖಿತ ಅನುಮತಿ ನೀಡಲು ಅದೇ ಕಲಮಿನಲ್ಲಿ ಅವಕಾಶವಿದೆ.

ರಾಣೆಬೆನ್ನೂರಿನವರು ತಿಳಿದಿರಬೇಕಾದ ಇನ್ನೊಂದು ಕಲಮು 34ನೆಯದು. ಅಭಯಾರಣ್ಯದ ಹತ್ತು ಕಿಲೋಮೀಟರ್ ಸುತ್ತಳತೆಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿಯಿಲ್ಲದೆ ಹೊಸ ಬಂದೂಕು ಪರವಾನಗಿಯನ್ನು ಕೊಡುವಂತಿಲ್ಲ. ದುರ್ಬೀನಿನ ಕನಸು ಕಾಣುವವರಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ.

ಕಾನೂನು ಹಾಗಿರಲಿ, ದುರ್ಬೀನನ್ನೇ ವಿಚಾರಿಸೋಣ. ನಾಲ್ಕು ಪಟ್ಟು ಹಿಗ್ಗಿಸುವ ಸಾಧಾರಣ ದುರ್ಬೀನಿನಲ್ಲಿ ನೂರು ಗಜ ದೂರದ ನೆಲದ ಸುಮಾರು ಮೂವತ್ತು ಅಡಿ ಅಗಲ ಮಾತ್ರ ಕಾಣುತ್ತದೆ. ಹಿಗ್ಗಿಸುವ ಶಕ್ತಿ ಹೆಚ್ಚಿದಷ್ಟೂ ಕಾಣುವ ಲೋಕ ಕಿರಿದಾಗುತ್ತದೆ. ಪ್ರಾಣಿಯ ಕೊಂಬಿನ ಸುರುಳಿ ಸ್ಪಷ್ಟ, ಅದರ ಪಕ್ಕದ ಮೆಣಸಿನಕಾಯಿ ಹೊಲದಲ್ಲಿ ಬಾಗಿ ಹಣ್ಣು ಬಿಡಿಸುವ ಹೆಣ್ಣುಮಗಳು ಅದೃಶ್ಯ. ದೊಡ್ಡ ಪ್ರಾಣಿಗಳಿಗೆಂದು ಮಾಡಿದ ರೈಫಲಿನ ಗುಂಡು ಗುರಿ ತಪ್ಪಿ ಮೇಲ್ಮುಖವಾಗಿ ಹೊರಟರೆ ನಾಲ್ಕೈದು ಕಿಲೋಮೀಟರ್ ಹೋಗಿ ಬೀಳಬಲ್ಲದು. ಗುರಿಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬವಿರಬೇಕೆಂಬುದು ಬಂದೂಕು ಹಿಡಿದವರ ಮೊದಲ ಪಾಠ. ರಾಣೆಬೆನ್ನೂರಿನ ಎರೆಬಯಲಿನಲ್ಲಿ ಆ ದಿಬ್ಬ ಎಲ್ಲಿದೆ? ಅಲ್ಲಿ ಗುರಿಯ ಹಿಂದೆ ಇರುವುದು ಮತ್ತೊಬ್ಬರ ಹೊಲ, ಕುರಿಗಾಹಿಯ ಹಟ್ಟಿ, ಶಾಲೆಗೆ ಹೋಗುವ ದಾರಿ.

ಇಷ್ಟಾದರೂ ಬೆಳೆ ಉಳಿಯುವುದೇ? ಉಳಿಯದು. ದುರ್ಬೀನಿಟ್ಟವನ ಕಣ್ಣು ಹುಡುಕುವುದು ಉದ್ದ ಕೊಂಬಿನ ಕಪ್ಪು ಗಂಡನ್ನು. ಹೊಲಕ್ಕೆ ಇಳಿಯುವ ಹಿಂಡಿನಲ್ಲಿ ಹೆಚ್ಚಿನವು ಕೊಂಬಿಲ್ಲದ ಹೆಣ್ಣುಗಳು ಮತ್ತು ಮರಿಗಳು. ಒಂದು ಗಂಡು ಸತ್ತರೆ ಅದರ ಜಾಗಕ್ಕೆ ಮತ್ತೊಂದು ಗಂಡು ಬರುತ್ತದೆ. ಹೆಣ್ಣುಗಳು ಮರಿ ಹಾಕುವುದು ನಿಲ್ಲುವುದಿಲ್ಲ. ಹೀಗೆ ಬೇಟೆಗಾರನ ಗೋಡೆಗೆ ಕೊಂಬು ದಕ್ಕುತ್ತದೆ, ರೈತನ ಹೊಲಕ್ಕೆ ಏನೂ ದಕ್ಕುವುದಿಲ್ಲ. ರೈತನ ಕಣ್ಣೀರನ್ನು ಮುಂದೆ ಮಾಡಿ ತಮ್ಮ ಷಿಕಾರಿಯ ಚಟ ತೀರಿಸಿಕೊಳ್ಳುವವರ ಹುನ್ನಾರವನ್ನು ರೈತರೇ ಮೊದಲು ಗುರುತಿಸಬೇಕು. ರಾಜಸ್ಥಾನದ ಬಿಷ್ಣೋಯಿಗಳೂ ಒಣಭೂಮಿಯ ಬೇಸಾಯಗಾರರೇ. 1998ರಲ್ಲಿ ಜೋಧಪುರದ ಬಳಿ ಕೃಷ್ಣಮೃಗಗಳ ಬೇಟೆಯಾದಾಗ ಬೆನ್ನು ಬಿಡದೆ ಸಾಕ್ಷಿ ನುಡಿದವರು ಆ ಹಳ್ಳಿಗರು. ಇಪ್ಪತ್ತು ವರ್ಷಗಳ ನಂತರ, 2018ರಲ್ಲಿ, ಪ್ರಸಿದ್ಧ ಚಿತ್ರನಟನೊಬ್ಬನಿಗೆ ಅಲ್ಲಿನ ನ್ಯಾಯಾಲಯ ಐದು ವರ್ಷಗಳ ಶಿಕ್ಷೆ ವಿಧಿಸಿತು.

ಹಾಗಾದರೆ ಚಿಗರಿ ಹೊಲಕ್ಕೆ ಏಕೆ ಬರುತ್ತದೆ? ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ. ಹುಲತ್ತಿ, ಹುಣಸಿಕಟ್ಟಿ, ಅಳಗೇರಿ ಎಂಬ ಮೂರು ವಿಭಾಗಗಳ ಒಟ್ಟು ವಿಸ್ತೀರ್ಣ 119 ಚದರ ಕಿಲೋಮೀಟರ್. ಇದರಲ್ಲಿ ಕೇಂದ್ರ ವಲಯವೆಂದು ಗುರುತಿಸಿದ್ದು ಹದಿನೈದು ಚದರ ಕಿಲೋಮೀಟರಿಗೂ ಕಡಿಮೆ. ಚಿಗರಿ ಬಯಲಿನ ಪ್ರಾಣಿ. ಅದಕ್ಕೆ ಬೇಕಾದದ್ದು ಹುಲ್ಲು ಮತ್ತು ದೂರಕ್ಕೆ ಕಾಣುವ ತೆರಪು. ನಾವು ಆ ಹುಲ್ಲುಗಾವಲನ್ನು ‘ಪಾಳುಭೂಮಿ’ ಎಂದು ಕರೆದು ಸಾಲುಸಾಲಾಗಿ ನೀಲಗಿರಿ ನೆಟ್ಟೆವು. ನೀಲಗಿರಿಯ ಕೆಳಗೆ ಮೇಯಲು ಏನಿದೆ? ಒಂದು ಕಾಲದಲ್ಲಿ ಇದೇ ಬಯಲಿನಲ್ಲಿ ಗಂಭೀರವಾಗಿ ನಡೆದಾಡುತ್ತಿದ್ದ ಎರೆಭೂತ ಹಕ್ಕಿ ಇಂದು ಇಲ್ಲಿಲ್ಲ. ಚಿಗರಿಯನ್ನು ಬೆನ್ನಟ್ಟುತ್ತಿದ್ದ ಚೀತಾ ಈ ದೇಶದಿಂದಲೇ ಅಳಿಯಿತೆಂದು 1952ರಲ್ಲಿ ಘೋಷಣೆಯಾಯಿತು. ಅದನ್ನು 2022ರಲ್ಲಿ ಆಫ್ರಿಕದಿಂದ ಮಧ್ಯಪ್ರದೇಶಕ್ಕೆ ವಿಮಾನದಲ್ಲಿ ತರಬೇಕಾಯಿತು. ಉಳಿದ ಬೇಟೆಗಾರ ತೋಳವನ್ನು ನಾವು ಕುರಿಗಳ್ಳನೆಂದು ಅಟ್ಟಿದೆವು. ಮನೆಯ ಹುಲ್ಲು ಕಸಿದುಕೊಂಡು, ಕಾವಲುಗಾರನನ್ನು ಓಡಿಸಿ, ಬೇಲಿಯಾಚೆ ಗೋವಿನಜೋಳದ ಎಳೆಯ ಸುಳಿಯನ್ನು ಬಡಿಸಿಟ್ಟ ಮೇಲೆ, ಬಂದು ತಿಂದ ಅತಿಥಿಗೆ ಗುಂಡಿಕ್ಕುವುದು ಯಾವ ನ್ಯಾಯ?

ಹಾಗೆಂದು ರೈತನೇ ಬೆಲೆ ತೆರಲಿ ಎಂದು ನಾವು ಹೇಳುವುದಿಲ್ಲ. ಕೃಷ್ಣಮೃಗ ದೇಶದ ಸಂಪತ್ತಾದರೆ ಅದರ ಮೇವಿನ ಖರ್ಚೂ ದೇಶದ್ದೇ. ಮೂರು ಎಕರೆಯ ಒಡೆಯನೊಬ್ಬ ಅದನ್ನು ಒಂಟಿಯಾಗಿ ಹೊರುವುದು ಅನ್ಯಾಯ. ಆ ಅನ್ಯಾಯವೇ ಉರುಳು, ಕಳ್ಳತನದಿಂದ ಎಳೆದ ವಿದ್ಯುತ್ ತಂತಿ, ಸಿಡಿಮದ್ದಿನ ಉಂಡೆಗಳಿಗೆ ಕೈ ಹಾಕಿಸುತ್ತದೆ. ಅವು ಹಂದಿಯನ್ನಷ್ಟೇ ಅಲ್ಲ, ಮನೆಯ ಎಮ್ಮೆಯನ್ನೂ ಕೆಲವೊಮ್ಮೆ ಮನೆಯ ಮಗನನ್ನೂ ಬಲಿ ತೆಗೆದುಕೊಳ್ಳುತ್ತವೆ.

ಆದ್ದರಿಂದ ನಾವು ಒತ್ತಾಯಿಸುವುದಿಷ್ಟು. ಅಭಯಾರಣ್ಯದೊಳಗಿನ ನೀಲಗಿರಿಯನ್ನು ಹಂತಹಂತವಾಗಿ ತೆಗೆದು, ಬೇರು ಚಿಗುರದಂತೆ ನೋಡಿಕೊಂಡು, ನೆಲದ ಹುಲ್ಲಿಗೆ ಮರಳಿ ಜಾಗ ಕೊಡಬೇಕು. ಬೆಳೆಹಾನಿಯ ಪರಿಹಾರ ಬಿತ್ತನೆಯ ಹಂಗಾಮು ಮುಗಿಯುವ ಮೊದಲೇ ರೈತನ ಕೈಸೇರಬೇಕು. ಮೊಳಕೆಯ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು; ಅಳಿದ ಮೊಳಕೆಯ ಮೇಲೆ ಮರುಬಿತ್ತನೆ ಮಾಡಿದ ರೈತನ ಹೊಲದಲ್ಲಿ ಪಂಚನಾಮೆಯ ದಿನ ಹಾನಿಯೇ ಕಾಣುವುದಿಲ್ಲ. ಅಂಚಿನ ಹಳ್ಳಿಗಳು ಒಟ್ಟಾಗಿ ಕಟ್ಟುವ ಸಾಮೂಹಿಕ ಬೇಲಿಗೂ ಸರದಿಯ ರಾತ್ರಿ ಕಾವಲಿಗೂ ಸರ್ಕಾರ ಹಣ ಕೊಡಬೇಕು. ಕಾಡುಹಂದಿಯ ವಿಷಯದಲ್ಲಿ ಕಾನೂನು ಹೇಳಿದ ಲಿಖಿತ ಅನುಮತಿಯ ದಾರಿಯನ್ನು ಕಚೇರಿಗಳು ಸುಗಮಗೊಳಿಸಬೇಕು.

ವಿದ್ಯಾರ್ಥಿ ಮಿತ್ರರೇ, ರಜೆಯಲ್ಲಿ ಊರಿಗೆ ಹೋದಾಗ ಒಂದು ಕೆಲಸ ಮಾಡಿರಿ. ಯಾವ ಹೊಲದಲ್ಲಿ, ಯಾವ ತಿಂಗಳಲ್ಲಿ, ಯಾವ ಪ್ರಾಣಿ, ಎಷ್ಟು ಬೆಳೆ ತಿಂದಿತೆಂದು ಮನೆಮನೆಗೆ ಹೋಗಿ ಬರೆದುಕೊಳ್ಳಿರಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ಠರಾವು ಮಾಡಿಸಿ, ಅರಣ್ಯ ಇಲಾಖೆಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಒಂದು ರೈಫಲು ಒಬ್ಬನ ಕೈಯಲ್ಲಿರುತ್ತದೆ. ಒಂದು ಠರಾವು ಊರಿನ ಕೈಯಲ್ಲಿರುತ್ತದೆ. ಬೆಳೆ ಉಳಿಸಬಲ್ಲದ್ದು ಎರಡನೆಯದೇ.